ಮೆಚ್ಚಿದ್ದು ಮುಖದಲ್ಲಿ ಕಾಣಬಾರದು

ಬಸ್ಸಿನಿಂದ ಇಳಿಯುವಾಗ ಹೆಂಡತಿ ಅವನ ಮೊಣಕೈ ಹಿಡಿದುಕೊಂಡಳು. ಈಚೆಗೆ ಹೀಗೆ ಹಿಡಿಯುವುದು ಹೆಚ್ಚಾಗಿತ್ತು. ಮದುವೆಯಾದ ಹೊಸತರಲ್ಲೂ ನಾಲ್ಕು ಜನರೆದುರು ಒಂದು ಮಾರು ದೂರವೇ ನಡೆಯುತ್ತಿದ್ದವಳು ಈಗ, ತಲೆ ಅರ್ಧ ನರೆತ ಮೇಲೆ, ನಡುಬೀದಿಯಲ್ಲಿ ಕೈಹಿಡಿದು ನಡೆಯುವುದು ಅವನಿಗೆ ಒಳಗೊಳಗೇ ಹಿತವಾಗಿತ್ತು. ಯಾರಾದರೂ ನೋಡಿಯಾರೆಂಬ ನಾಚಿಕೆಯೂ ಇತ್ತು. "ಮುಖ ಸ್ವಲ್ಪ ಗಂಟು ಹಾಕ್ಕೋ," ಎಂದ, ಫುಟ್‌ಪಾತ್ ಹತ್ತುತ್ತ. "ಹೋದ ಸಲದ ಹಾಗೇ ಇರ್ಲಿ. ಏನು ನೋಡಿದ್ರೂ ಚೆನ್ನಾಗಿದೆ ಅನ್ನಬೇಡ." "ನೋಡಿದ್ರೆ ತಾನೇ ಅನ್ನೋದು," ಎಂದಳು ಅವಳು. ಅವನು ನಕ್ಕ. ಪಾಠ ಚೆನ್ನಾಗಿಯೇ ತಲೆಗೆ ಹತ್ತಿದೆ ಎನ್ನಿಸಿ ಸಮಾಧಾನವಾಯಿತು. ಇವತ್ತು ಮನೆ ಕೊಳ್ಳುವ ಮಾತು ಮುಗಿಯಬೇಕು. ಮನೆಯೊಡತಿ ಬೆಲೆಯಲ್ಲಿ ಒಂದು ಹೆಜ್ಜೆ ಇಳಿಯುತ್ತಾಳೆ, ತಾನು ಅರೆಮನಸ್ಸಿನವನಂತೆ ಒಂದು ಹೆಜ್ಜೆ ಏರುತ್ತೇನೆ, ದಲ್ಲಾಳಿ ನಡುವೆ ನಿಂತು ಇಬ್ಬರ ಕೈ ಕೂಡಿಸುತ್ತಾನೆ: ಬಸ್ಸಿನ ದಾರಿಯುದ್ದಕ್ಕೂ ಇದನ್ನೇ ಮನಸ್ಸಿನಲ್ಲಿ ಆಡಿಸಿಕೊಂಡು ಬಂದಿದ್ದ. ಪ್ರತಿ ಸಲವೂ ಚೆನ್ನಾಗಿಯೇ ಮುಗಿಯುತ್ತಿತ್ತು.

ಕಬ್ಬಿಣದ ಬೀರು ತಯಾರಿಸುವ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಅವನು ಕೂದಲು ನರೆಸಿಕೊಂಡದ್ದು ಊಹೂಂ ಅನ್ನುತ್ತಲೇ. ತಗಡು, ಬೀಗ, ಹಿಡಿಕೆ, ಬಣ್ಣ, ಯಾರು ಏನು ತಂದು ಮೇಜಿನ ಮೇಲಿಟ್ಟರೂ ಕೈಗೆತ್ತಿಕೊಂಡು, ತಿರುಗಿಸಿ, ಬೆಳಕಿಗೆ ಹಿಡಿದು, ಮೂಗು ಮುರಿದು, ಊಹೂಂ ಎಂದು ಕೆಳಗಿಡುತ್ತಿದ್ದ. ಮಾಲು ಕೆಟ್ಟದ್ದಾಗಿದ್ದರೆ ಒಂದು ಸಲ, ಒಳ್ಳೆಯದಾಗಿದ್ದರೆ ಎರಡು ಸಲ. ಬೆನ್ನ ಹಿಂದೆ ಎಲ್ಲರೂ ಊಹೂಂ ಸಾಹೇಬರು ಎಂದೇ ಕರೆಯುವುದು ಅವನಿಗೆ ಗೊತ್ತಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಮೆಚ್ಚಿದ್ದು ಮುಖದಲ್ಲಿ ಕಂಡರೆ ಅಲ್ಲಿಗೆ ನೀವು ಅರ್ಧ ಸೋತ ಹಾಗೆ ಎಂದು ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಡುತ್ತಿದ್ದ. ಈ ಮುಖವನ್ನು ಸಂಜೆ ಕಾರ್ಖಾನೆಯಲ್ಲೇ ಬಿಟ್ಟುಬರಬೇಕಿತ್ತು. ಯಾವ ವರ್ಷದಿಂದಲೋ ಅದು ಅವನ ಜೊತೆಯಲ್ಲೇ ಮನೆಗೆ ಬರತೊಡಗಿತು. ಅಡುಗೆ ಹೇಗಿದೆ ಎಂದು ಹೆಂಡತಿ ಕೇಳಿದರೆ "ತಿನ್ನಬಹುದು" ಎನ್ನುವನು. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಅವಳು ಅದನ್ನು ಹಾಗೆಯೇ ತಿಳಿದುಕೊಂಡು ಸಂತೋಷಪಡುವುದನ್ನು ಕಲಿತಿದ್ದಳು. ಒಮ್ಮೆ ಅವಳ ಅಕ್ಕ ತಡೆಯಲಾರದೆ ಕೇಳಿಬಿಟ್ಟಿದ್ದಳು: "ಏನ್ರೀ ಸಾಹೇಬ್ರೇ, ನಮ್ಮ ಹುಡುಗೀನ ಒಪ್ಪಿಕೊಳ್ಳೋವಾಗ್ಲೂ ಹೀಗೇ ಮೂಗು ಮುರಿದಿದ್ರಾ?" ಎಲ್ಲರೂ ನಕ್ಕರು. ಅವನೂ ನಕ್ಕ. ಹೆಂಡತಿ ಮಾತ್ರ ಲೋಟಗಳನ್ನು ಜೋಡಿಸಿಕೊಂಡು ಒಳಗೆ ಹೋದಳು, ಅದು ಈಗ ಯಾಕೆ ನೆನಪಾಯಿತೋ.

ಅವಳ ಕಣ್ಣು ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿತ್ತು. ಮೊದಲು ಪಕ್ಕದಲ್ಲಿ ಬಂದವರು ಕಾಣಲಿಲ್ಲ, ಆಮೇಲೆ ಮೆಟ್ಟಿಲ ಅಂಚು ಕಾಣಲಿಲ್ಲ. ಒಂದು ದಿನ ಕಾರನ್ನು ಗೇಟಿನ ಕಂಬಕ್ಕೆ ಗುದ್ದಿ, ಇಳಿದು ಬಂದು, ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, "ನಂದು ಮುಗೀತು ಕಣ್ರೀ" ಎಂದಿದ್ದಳು. ಇದಕ್ಕೆ ಔಷಧವಿಲ್ಲ, ಇನ್ನೊಂದೆರಡು ವರ್ಷ ಕಾಣಬಹುದು ಎಂದರು ಡಾಕ್ಟರು. ಆ ಮಾತನ್ನು ಅವನು ಮಾಲು ಒದಗಿಸುವವರು ಕೊಡುವ ಗಡುವಿನಂತೆ ಕೇಳಿಸಿಕೊಂಡ. ಗಡುವು ಎಂದ ಮೇಲೆ ಅದನ್ನು ಅಷ್ಟಿಷ್ಟು ಎಳೆಯಬಹುದು ಎಂಬುದು ಅವನ ಅನುಭವ. ಅವರಿದ್ದದ್ದು ಊರ ಹೊರಗಿನ ದೊಡ್ಡ ರಸ್ತೆಯ ಪಕ್ಕ, ಆಕಾಶಕ್ಕೆ ಹತ್ತಿರದ ಒಂದು ಮಹಡಿಯಲ್ಲಿ. ಗೇಟು ದಾಟಿದರೆ ಲಾರಿಗಳು, ಕಾಲಿಡಲು ಒಂದಡಿ ಫುಟ್‌ಪಾತ್ ಇಲ್ಲ, ಒಂದು ಪೊಟ್ಟಣ ಉಪ್ಪಿಗೂ ಗಾಡಿ ತೆಗೆಯಬೇಕು. ಕೀಲಿ ಕೊಟ್ಟ ದಿನದಿಂದ ಅವಳು ಮನೆಯೊಳಗೇ ಉಳಿದಳು. ಊರ ನಡುವಿನ ಹಳೆಯ ಬಡಾವಣೆಯಲ್ಲಿ ಒಂದು ಮನೆ ಕೊಳ್ಳೋಣ ಎಂದದ್ದು ಅವಳೇ. ಅಲ್ಲಿ ಅಂಗಡಿಗಳು ವರ್ಷಗಟ್ಟಲೆ ಜಾಗ ಬದಲಿಸುವುದಿಲ್ಲ, ಫುಟ್‌ಪಾತಿಗೆ ಅಂಚಿದೆ, ಮೂಲೆಗಳಿಗೆ ಮೂಲೆಯ ಆಕಾರವಿದೆ. "ಕಣ್ಣಿರೋವಾಗ್ಲೇ ಕಾಲಿಗೆ ದಾರಿ ಕಲಿಸಿಬಿಡ್ಬೇಕು," ಎಂದಿದ್ದಳು. "ಆಮೇಲೆ ಕಣ್ಣು ಹೋದ್ರೂ ಕಾಲು ನೆನಪಿಟ್ಕೊಳ್ಳುತ್ತೆ. ಯಾರನ್ನೂ ಕೈ ಹಿಡಿ ಅಂತ ಕೇಳದೆ ಬ್ರೆಡ್ ತರೋಕೆ ಹೋಗ್ಬೇಕು ನಂಗೆ. ಅಷ್ಟೇ." ಬದುಕಿನಲ್ಲಿ ಅವಳು ಅವನ ಬಳಿ ಬಾಯಿಬಿಟ್ಟು ಕೇಳಿದ್ದು ಅದೊಂದೇ ಇರಬೇಕು. ಅದಕ್ಕೆ ಮಾತ್ರ ಅವನು ಊಹೂಂ ಅನ್ನಲಿಲ್ಲ. ನೋಡೋಣ ಎಂದ. ನೋಡುತ್ತಲೇ ಬಂದ. ಇದೇ ಬೀದಿಯ ನೆಲಮಹಡಿಯ ಒಂದು ಮನೆಯನ್ನು ಚರಂಡಿಯ ವಾಸನೆ ಎಂದು ಬಿಟ್ಟ. ಅದರ ಹಿಂದಿನ ಬೀದಿಯದನ್ನು, ಇನ್ನಾರು ತಿಂಗಳು ಕಾದರೆ ತಾವಾಗಿಯೇ ಇಳಿದು ಬರುತ್ತಾರೆ ಎಂದು ಕಾದ. ಯಾರೂ ಇಳಿದು ಬರಲಿಲ್ಲ.

ಈ ಬೀದಿ ಅವಳ ಕಾಲಿಗೆ ಆಗಲೇ ಅಷ್ಟಿಷ್ಟು ಪಳಗಿದಂತಿತ್ತು. ಔಷಧಿ ಅಂಗಡಿ ಬಂತು ಎಂದು ಅವನಿಗಿಂತ ಮೊದಲು ಅವಳೇ ಹೇಳಿದಳು, ವಾಸನೆಯಿಂದಲೋ ಏನೋ. ಚಪ್ಪಲಿ ಹೊಲಿಯುವವನ ಸುತ್ತಿಗೆಯ ಸದ್ದು, ಬೇಕರಿಯ ತಟ್ಟೆಗಳ ಸದ್ದು, ಅಗಲವಾದ ಮೆಟ್ಟಿಲಿನ ಲೈಬ್ರರಿ, ಅದರ ಮುಂದೆ ಕಲ್ಲುಬೆಂಚು. ಹೋದ ವಾರ, ಇವತ್ತು ಮಾತು ಮುಗಿಸಬೇಕಾದ ಮನೆಯ ಬಾಲ್ಕನಿಯಲ್ಲಿ ನಿಂತು ಅವಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವನು ಆಗ ಒಳಗೆ ಗೆಣ್ಣಿನಿಂದ ನೆಲದ ಹಾಸು ಕುಟ್ಟಿ ನೋಡುತ್ತಿದ್ದ. ಮನೆಯೊಡತಿ ನಿವೃತ್ತ ನರ್ಸು. ಆ ಬೀದಿಯ ಅರ್ಧ ಮಕ್ಕಳನ್ನು ಈ ಲೋಕಕ್ಕೆ ಎಳೆದುಕೊಂಡು ಬಂದವಳು ಎಂದು ದಲ್ಲಾಳಿ ಹೇಳಿದ್ದ. ಬೀದಿಗೆಲ್ಲ ಅವಳು ನರ್ಸಮ್ಮ. ಮಂಡಿ ಸವೆದು ಮೆಟ್ಟಿಲು ಹತ್ತಲಾರದೆ ತಂಗಿಯ ಮನೆಗೆ ಹೊರಟಿದ್ದಳು. ಅವರು ಬರುವರೆಂದು ಮನೆಯನ್ನು ತೊಳೆದು, ಒರೆಸಿ, ತಾನೂ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕೂತಿದ್ದಳು. ಟೀ ಕೊಟ್ಟಳು. ಟೀ ಚೆನ್ನಾಗಿತ್ತು. ಅವನು ಅರ್ಧ ಕುಡಿದು ಲೋಟ ಕೆಳಗಿಟ್ಟ. ಅದೂ ಅವನ ಕಸುಬಿನ ಒಂದು ಪಟ್ಟು. ಮೆಟ್ಟಿಲು ಕಡಿದು ಎಂದ. ಸ್ನಾನದ ಮನೆಯ ಗೋಡೆಯ ಬಣ್ಣ ಉಬ್ಬಿದೆ ಎಂದ. ನಲ್ಲಿಯನ್ನು ತಿರುಗಿಸಿ, ನಿಲ್ಲಿಸಿ, ಸೋರುವ ಹನಿಯನ್ನು ಎಲ್ಲರೂ ಕಾದು ನೋಡುವಂತೆ ಮಾಡಿದ. ನರ್ಸಮ್ಮ ಎಲ್ಲಕ್ಕೂ "ಹೌದಪ್ಪ, ಹಳೇ ಮನೆ" ಎನ್ನುತ್ತಿದ್ದಳು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅದುವರೆಗೆ ಬಚ್ಚಿಟ್ಟುಕೊಂಡಿದ್ದನ್ನು ತೋರಿಸುವವಳ ಹಾಗೆ, "ಇಲ್ಲಿ ಮಾತ್ರ ಹಗಲು ಹೊತ್ತು ನಾನು ದೀಪ ಹಾಕಿದ್ದೇ ಇಲ್ಲ" ಎಂದಳು. ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆಲ್ಲ ಚೆಲ್ಲಿತ್ತು. ಅವನು ತಪ್ಪು ಹುಡುಕುತ್ತ ಕಣ್ಣಾಡಿಸಿದ, ಕಿಟಕಿಯ ಕೆಳಗಿನ ಬಿರುಕನ್ನು ಆಗಿನ್ನೂ ಕಂಡಿರಲಿಲ್ಲ. ಆಗ ಅವನ ಹೆಂಡತಿ, ಗೋಡೆಯ ಮೇಲೆ ಅಂಗೈ ಊರಿಕೊಂಡು ಒಳಗೆ ಬಂದವಳು, ಮೆಲ್ಲಗೆ ಹೇಳಿದಳು: "ಅಡುಗೆಮನೆ ಕತ್ತಲೆ."

ನರ್ಸಮ್ಮನ ಮುಖ ಏನಾಯಿತೆಂದು ಅವನು ನೋಡಲಿಲ್ಲ, ಅವನು ನೋಡುತ್ತಿದ್ದದ್ದು ಹೆಂಡತಿಯನ್ನು. ಎಂಥ ಧೈರ್ಯ! ಕಣ್ಣು ಕುಕ್ಕುವ ಬಿಸಿಲಿನಲ್ಲಿ ನಿಂತು ಕತ್ತಲೆ ಎನ್ನಲು ತನಗೂ ಬಾಯಿ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ, "ನೀನು ನನ್ನನ್ನೂ ಮೀರಿಸಿಬಿಟ್ಟೆ ಕಣೇ" ಎಂದು ತೊಡೆ ತಟ್ಟಿಕೊಂಡು ನಕ್ಕಿದ್ದ. ಅದು ಅವನು ಅವಳಿಗೆ ಬಾಯಿತುಂಬ ಕೊಟ್ಟ ಮೊದಲ ಹೊಗಳಿಕೆಯಾಗಿತ್ತೇನೋ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. "ಸಿಕ್ಕಿದ್ರೆ ಅದೇ ಮನೆ ಸಿಗ್ಲಿ ರೀ" ಎಂದಳು. ಅವನು ಕಾಲ ಮೇಲೆ ಕಾಲು ಹಾಕಿ ಕೂತು, "ಎಲ್ಲಿ ಹೋಗುತ್ತೆ, ಒಂದು ವಾರ ಕಾಯಿಸೋಣ" ಎಂದ.

ದಲ್ಲಾಳಿ ಔಷಧಿ ಅಂಗಡಿಯ ಮುಂದೆ ಸಿಕ್ಕಿದ. ಅವನು ನಗುತ್ತಿದ್ದ ರೀತಿಯಲ್ಲೇ ಏನೋ ಎಡವಟ್ಟಾಗಿರುವುದು ಕಂಡಿತು. "ಬೆಳಿಗ್ಗೆನೇ ಫೋನ್ ಮಾಡೋಣ ಅಂತಿದ್ದೆ ಸಾರ್. ಅಷ್ಟರಲ್ಲಿ ನೀವು ಬಸ್ ಹತ್ತಿಬಿಟ್ಟಿರ್ತೀರಿ ಅಂತ..." ತಲೆ ಕೆರೆದುಕೊಂಡ. "ಆ ಮನೆ ಹೋಯ್ತು ಸಾರ್."

"ಹೋಯ್ತು ಅಂದ್ರೆ? ನಮಗಿಂತ ಜಾಸ್ತಿ ಕೊಡ್ತೀನಿ ಅಂದ್ರಾ ಯಾರಾದ್ರೂ?"

"ಅದೇ ತಮಾಷೆ ನೋಡಿ. ಜಾಸ್ತಿ ಏನಿಲ್ಲ, ಕಮ್ಮಿನೇ. ಹೊಸದಾಗಿ ಮದುವೆಯಾದ ಜೋಡಿ. ಆ ಹುಡುಗಿ ಒಳಗೆ ಕಾಲಿಡ್ತಿದ್ದ ಹಾಗೇ 'ಅಯ್ಯೋ, ಎಷ್ಟು ಚೆನ್ನಾಗಿದೆ' ಅಂದ್ಬಿಟ್ಳು. ಅಡುಗೆಮನೇಲಿ ನೆಲದ ಮೇಲೇ ಕೂತ್ಕೊಂಡ್ಬಿಟ್ಳು ಸಾರ್, ಬಿಸಿಲಲ್ಲಿ. ನರ್ಸಮ್ಮ ಅಲ್ಲೇ ಮಾತು ಕೊಟ್ಬಿಟ್ರು. ನಿಮ್ಮ ವಿಷಯ ನಾನು ಹೇಳ್ದೆ. 'ಅವರಿಗೆ ಮನೆ ಹಿಡಿಸಿಲ್ಲಪ್ಪ, ಹಿಡಿಸದವರ ತಲೆಗೆ ಯಾಕೆ ಕಟ್ಟಲಿ' ಅಂದ್ರು. ನಾನೇನು ಹೇಳ್ಲಿ ಸಾರ್, ನೀವೂ ಹಾಗೇ ಇದ್ರಿ."

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಬೆಲೆ ಹೆಚ್ಚು ಕೊಟ್ಟವನಿಗೆ ಸೋತಿದ್ದರೆ ಅದು ಸೋಲು, ಅದಕ್ಕೊಂದು ಲೆಕ್ಕವಿದೆ. ಅಯ್ಯೋ ಎಷ್ಟು ಚೆನ್ನಾಗಿದೆ ಎಂದವಳ ಮುಂದೆ ಸೋಲುವುದೆಂದರೇನು? ಹೆಂಡತಿಯ ಕಡೆ ತಿರುಗಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಮುಖದಲ್ಲಿ ಏನೂ ಇರಲಿಲ್ಲ. ತಾನೇ ಕಲಿಸಿದ ಮುಖ. ಅವಳನ್ನು ಲೈಬ್ರರಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರು, ಮಾತಾಡಿ ಬರ್ತೀನಿ" ಎಂದ. ಹೋಗಬೇಡಿ ಎಂದಳು. ಅಷ್ಟರಲ್ಲಿ ಅವನು ರಸ್ತೆ ದಾಟಿದ್ದ.

ಮೆಟ್ಟಿಲು ಕಡಿದೇನೂ ಆಗಿರಲಿಲ್ಲ. ಹತ್ತುವಾಗ ಅದು ಗೊತ್ತಾಗಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ನರ್ಸಮ್ಮ ಬಾಗಿಲನ್ನು ಅರ್ಧ ತೆರೆದಳು, ಸರಪಳಿ ಬಿಚ್ಚಲಿಲ್ಲ. ಒಳಗೆ ಯಾರೋ ಪೆಟ್ಟಿಗೆಗೆ ಟೇಪು ಅಂಟಿಸುವ ಸದ್ದು. ಅವನು ಕೈಮುಗಿದು, ಹಲ್ಲು ಗಿಂಜಿದ. ಇಷ್ಟು ವರ್ಷ ಮೇಜಿನ ಆಚೆ ಕಡೆ ನಿಂತವರ ಮುಖದಲ್ಲಿ ನೋಡಿದ್ದ ನಗುವೇ ಇದು, ತನ್ನ ಮುಖಕ್ಕೂ ಅಂಟಿಕೊಂಡಿದೆ ಎಂಬುದು ತುಟಿಗಳಿಗೆ ತಿಳಿಯುತ್ತಿತ್ತು. "ಅಮ್ಮಾ, ನಮಗೆ ನಿಮ್ಮ ಮನೆ ತುಂಬ ಹಿಡಿಸಿತ್ತು," ಎಂದ. ಹಿಡಿಸಿತ್ತು ಎಂಬ ಮಾತು ಬಾಯಲ್ಲಿ ಹೊಸದಾಗಿ ಕಟ್ಟಿಸಿದ ಹಲ್ಲಿನ ಹಾಗೆ ಒತ್ತಿತು.

"ಹಾಗಾದ್ರೆ ಅವತ್ತು ಹೇಳಿದ್ದೆಲ್ಲ ಸುಳ್ಳೇನಪ್ಪಾ?"

"ವ್ಯಾಪಾರದ ಮಾತು ಅಮ್ಮ. ಎಲ್ಲರೂ ಆಡೋದೇ."

"ನಾನು ವ್ಯಾಪಾರಕ್ಕೆ ಕೂತಿರಲಿಲ್ಲ," ಎಂದಳು ಮುದುಕಿ. ದನಿಯಲ್ಲಿ ಕೋಪವಿರಲಿಲ್ಲ. "ಮನೆ ತೋರಿಸ್ತಿದ್ದೆ. ನೀನು ಟೀನೂ ಪೂರ್ತಿ ಕುಡೀಲಿಲ್ಲ."

ಆಗ ಅವನ ಕೈಯಲ್ಲಿ ಉಳಿದಿದ್ದು ಒಂದೇ ಮಾತು. ಅದನ್ನು ಎತ್ತುವಾಗ ಅದರ ತೂಕ ನೋಡಿದ, ಹೊತ್ತು ಸರಿಯಾಗಿದೆಯೇ ಎಂದೂ ನೋಡಿದ. ಇಷ್ಟೂ ಕ್ಷಣಾರ್ಧದಲ್ಲಿ, ಅಭ್ಯಾಸಬಲದಿಂದ ನಡೆದುಹೋಯಿತು. ದನಿ ತಗ್ಗಿಸಿದ. "ನನ್ನ ಹೆಂಡತಿಗೆ ಕಣ್ಣು ಹೋಗ್ತಿದೆ ಅಮ್ಮ. ಇಲ್ಲಾದ್ರೆ ಅವಳು ಒಬ್ಬಳೇ ನಡೆದಾಡಬಹುದು ಅಂತ." ಹೇಳಿದ್ದು ನಿಜ, ಅಕ್ಷರಶಃ ನಿಜ. ಆದರೂ ಕೇಳಿಸಿಕೊಂಡರೆ ಮಾಲು ಮಾರುವವನ ಕೊನೆಯ ಮಾತಿನಂತಿತ್ತು. ನರ್ಸಮ್ಮ ಅವನನ್ನು ಬಹಳ ಹೊತ್ತು ನೋಡಿದಳು. ನೋವು ನಿಜದ್ದೋ ನಟನೆಯದೋ ಎಂದು ಹೆರಿಗೆ ಕೋಣೆಗಳಲ್ಲಿ ನೋಡಿ ಅಭ್ಯಾಸವಾದ ಕಣ್ಣು. ಅವಳು ಇನ್ನೇನು ಸರಪಳಿಗೆ ಕೈ ಹಾಕುತ್ತಾಳೆ ಎನ್ನಿಸಿತು. "ಇದೂ ವ್ಯಾಪಾರದ ಮಾತೇನಪ್ಪಾ?" ಎಂದು ಕೇಳಿದಳು. ಅಣಕಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಅಲ್ಲ ಎನ್ನಬೇಕಿತ್ತು. ಅಲ್ಲ ಎನ್ನಲು ಅವನು ಬಾಯಿ ತೆರೆದ, ಆದರೆ ಆ ಮಾತನ್ನು ಹೇಳುವ ಮುಖ ಯಾವುದು, ಅದನ್ನು ಎಲ್ಲಿಂದ ತರುವುದು ಎಂದು ತಿಳಿಯದೆ ತಬ್ಬಿಬ್ಬಾಗಿ ನಿಂತ. "ಮಾತು ಕೊಟ್ಟಾಯ್ತು," ಎಂದಳು ಅವಳು, "ಆ ಮಕ್ಕಳಿಗೆ ಈಗ ಹೇಗೆ ಇಲ್ಲ ಅನ್ನಲಿ?" ಬಾಗಿಲು ಮೆಲ್ಲಗೆ ಮುಚ್ಚಿತು. ದಢಾರನೆ ಮುಚ್ಚಿದ್ದರೆ ಒಳ್ಳೆಯದಿತ್ತು.

ಬೆಂಚಿನ ಹತ್ತಿರ ಬಂದಾಗ ಅವಳು ಅವನ ಹೆಜ್ಜೆಯ ಸದ್ದಿಗೆ ಸರಿದು ಜಾಗ ಮಾಡಿಕೊಟ್ಟಳು. ಏನಾಯಿತು ಎಂದು ಕೇಳಲಿಲ್ಲ. ಅವನಿಗೆ ತನ್ನ ಉರಿಯನ್ನು ಯಾರ ಮೇಲಾದರೂ ಹಾಕಬೇಕಿತ್ತು. "ಎಲ್ಲ ಸರಿಯಿತ್ತು," ಎಂದ. "ಆ ಅಡುಗೆಮನೆ ಮಾತೊಂದು ಆಡಬಾರದಿತ್ತು ನೀನು. ಮೆಟ್ಟಿಲು, ನಲ್ಲಿ, ಅದನ್ನೆಲ್ಲ ಆಯಮ್ಮ ತಡ್ಕೊಂಡ್ಳು. ಆ ಬಿಸಿಲಲ್ಲಿ ನಿಂತ್ಕೊಂಡು ಕತ್ತಲೆ ಅಂದ್ರೆ ಯಾರಿಗಾದ್ರೂ..."

"ಬಿಸಿಲಿತ್ತಾ?" ಎಂದಳು ಅವಳು.

ರಸ್ತೆಯಲ್ಲಿ ಒಂದು ಸೈಕಲ್ ಗಂಟೆ ಬಾರಿಸುತ್ತ ಹೋಯಿತು.

"ನಾನು ನಿಮ್ಮ ಪಾಠ ಒಪ್ಪಿಸಲಿಲ್ಲ ರೀ. ನಂಗೆ ಕತ್ತಲೇನೇ ಇತ್ತು. ಬಾಯಿಂದ ಬಂದ್ಬಿಡ್ತು." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಸುಮಾರು ದಿನದಿಂದ ಹೀಗೇ. ನಡುವೆ ಒಂದು ಚೂರು ಉಳಿದಿದೆ, ಅದೂ ಮಸುಕು ಮಸುಕು."

ಮೊಣಕೈ ಹಿಡಿದದ್ದು. ಅವನ ದೇಹದಲ್ಲಿ ಮೊದಲು ಅರ್ಥ ಮಾಡಿಕೊಂಡದ್ದು ಆ ಮೊಣಕೈಯೇ. ದಿನವಿಡೀ ರೇಡಿಯೋ ಹಾಕಿಕೊಂಡಿರುತ್ತಿದ್ದದ್ದು, ಸದ್ದು ಕಮ್ಮಿ ಮಾಡು ಎಂದು ತಾನು ರೇಗಿದ್ದು. ಮಡಚಿದ ಹಾಗೆಯೇ ಉಳಿಯುತ್ತಿದ್ದ ಪತ್ರಿಕೆ. ಬಡಿಸುವಾಗ ತಟ್ಟೆಯ ಅಂಚಿಗೆ ಎಡಗೈ ಇಡುತ್ತಿದ್ದದ್ದು. ತಗಡಿನ ಮೇಲಿನ ಕೂದಲೆಳೆಯಷ್ಟು ಗೀರನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿ ತೆಗೆಯುವವನ ಎದುರಿಗೇ ಇಷ್ಟೆಲ್ಲ ನಡೆದುಹೋಗಿತ್ತು. "ನಂಗೆ ಯಾಕೆ ಹೇಳ್ಲಿಲ್ಲ?" ಎಂದ. ದನಿ ಅವನಿಗೇ ಗುರುತು ಸಿಗದಂತಿತ್ತು.

"ಹೇಳಿದ್ರೆ ನೀವು ಅದನ್ನೂ ಚೌಕಾಸಿಗೆ ಇಡ್ತಿದ್ರಿ," ಎಂದಳು.

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಮನೆಯಲ್ಲಿ ಸಕ್ಕರೆ ಮುಗಿದಿದೆ ಎನ್ನುವ ದನಿಯಲ್ಲೇ ಹೇಳಿದಳು. ಅವನು ರಸ್ತೆಯಾಚೆಯ ಬಾಲ್ಕನಿಯನ್ನು ನೋಡಿದ, ಕಣ್ಣು ಕೆಳಗಿಳಿಸಿದ. ಆ ಬಾಗಿಲಲ್ಲಿ ಈಗಷ್ಟೇ ಏನು ಮಾಡಿ ಬಂದೆನೆಂದು ಅವಳಿಗೆ ಹೇಳುವ ಧೈರ್ಯವಾಗಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಿದೆ ಎನ್ನಿಸಿತು. ಬೇರೆ ಮನೆ ನೋಡೋಣ, ಇದೇ ಬೀದಿಯಲ್ಲಿ, ಇವತ್ತೇ ದಲ್ಲಾಳಿಗೆ ಹೇಳುತ್ತೇನೆ, ಕೇಳಿದಷ್ಟು ಕೊಟ್ಟುಬಿಡುತ್ತೇನೆ ಎಂದೆಲ್ಲ ಒಂದೇ ಉಸಿರಿಗೆ ಹೇಳತೊಡಗಿದ. ಅವಳು ತಲೆ ಅಡ್ಡಡ್ಡ ಆಡಿಸಿದಳು.

"ಇನ್ನು ಬೇಡ ರೀ. ಹೊಸ ಜಾಗ ಕಲಿಯೋಕೆ ಕಣ್ಣು ಬೇಕಿತ್ತು. ಈಗಿರೋ ಮನೇಲಾದ್ರೆ ಗೋಡೆ ಎಲ್ಲೆಲ್ಲಿದೆ ಅಂತ ಗೊತ್ತು."

ಗೋಡೆಗಳು. ಲಾರಿ ರಸ್ತೆಯ ಮೇಲೆ, ಆಕಾಶದಲ್ಲಿ ತೂಗುಬಿದ್ದ ಆ ಮೂರು ಕೋಣೆಗಳಲ್ಲಿ ಅವಳು ಬೆಳಗಿನಿಂದ ಸಂಜೆಯವರೆಗೆ ಗೋಡೆಯಿಂದ ಗೋಡೆಗೆ ನಡೆಯುವುದನ್ನು ಅವನು ಕಂಡ. ಇವತ್ತಲ್ಲ ನಾಳೆಯಲ್ಲ, ಇಬ್ಬರಲ್ಲೊಬ್ಬರು ಸಾಯುವವರೆಗೆ. ಅಳಬೇಕೆನ್ನಿಸಿತು. ಅಳು ಬರಲಿಲ್ಲ. ಬೇಕರಿಯಿಂದ ಒಬ್ಬ ಮುದುಕ ಬ್ರೆಡ್ಡಿನ ಪೊಟ್ಟಣ ಹಿಡಿದು ಹೊರಬಂದು, ಯಾರ ಹಂಗೂ ಇಲ್ಲದೆ ಮೂಲೆ ತಿರುಗಿದ.

"ಹೇಗಿತ್ತು ಹೇಳಿ," ಎಂದಳು ಅವಳು.

"ಏನು?"

"ಆ ಮನೆ. ನಾನು ಕೈಯಲ್ಲಿ ಮುಟ್ಟಿದ್ದಷ್ಟೇ. ಗೋಡೆ ತಣ್ಣಗಿತ್ತು, ಅಷ್ಟು ಗೊತ್ತು. ನೀವು ಮೂಲೆಮೂಲೆ ನೋಡಿದ್ರಲ್ಲ. ಸುಮ್ನೆ ಹೇಳಿ, ಕೇಳ್ತೀನಿ."

ಹೇಳಬೇಕು. ಇದೊಂದನ್ನಾದರೂ ಕೊಡಬೇಕು. ಅವನು ಕಣ್ಣು ಮುಚ್ಚಿ ಮತ್ತೆ ಆ ಮನೆಯೊಳಕ್ಕೆ ಹೊಕ್ಕ. ನಡುಮನೆಯ ಗೋಡೆಗೆ ಯಾವ ಬಣ್ಣ? ಹಳದಿಯೇ, ಬಿಳಿಯೇ? ಕಿಟಕಿಗೆ ಪರದೆಯಿತ್ತೇ? ಬಾಲ್ಕನಿಯಲ್ಲಿ ಗಿಡಗಳಿದ್ದವೇ? ನರ್ಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಚಾಚಿ ತೋರಿಸಿದಾಗ ಆ ಕಿಟಕಿಯಾಚೆ ಏನು ಕಾಣುತ್ತಿತ್ತು, ಮರವೋ, ಎದುರುಮನೆಯ ಛಾವಣಿಯೋ, ಬರೀ ಆಕಾಶವೋ? ಎಲ್ಲ ಕೋಣೆಗಳಲ್ಲೂ ಹುಡುಕಿದ. ಎಲ್ಲವೂ ಬೋಳಾಗಿದ್ದವು. ಕಲ್ಪಿಸಿ ಹೇಳಿಬಿಡೋಣ ಎಂದುಕೊಂಡ, ಅದಕ್ಕೂ ಮಾತು ಹುಟ್ಟಲಿಲ್ಲ. ಚೆನ್ನಾಗಿರುವುದನ್ನು ಹೇಳಲು ಯಾವ ಪದದಿಂದ ಶುರುಮಾಡುತ್ತಾರೆಂದೇ ಅವನಿಗೆ ತಿಳಿಯದು. ಸ್ಪಷ್ಟವಾಗಿ, ಇವತ್ತೇ ನೋಡಿದಂತೆ, ಕಣ್ಣ ಮುಂದೆ ಬಂದು ನಿಂತದ್ದು ಒಂದೇ.

"ಅಡುಗೆಮನೆ ಕಿಟಕಿ ಕೆಳಗೆ," ಎಂದ, "ಒಂದು ಬಿರುಕಿತ್ತು."

"ಹ್ಞೂಂ," ಎಂದಳು ಅವಳು. "ಆಮೇಲೆ?"

"ಸ್ನಾನದ ಮನೆ ಗೋಡೆ ಬಣ್ಣ ಉಬ್ಬಿತ್ತು."

ಅವಳು ಅವನ ಕಡೆಗೆ ಎಂದುಕೊಂಡು, ಅವನಿಗಿಂತ ಸ್ವಲ್ಪ ಆಚೆಗೆ ಮುಖ ತಿರುಗಿಸಿ, ಇನ್ನೂ ಕಾಯುತ್ತಿದ್ದಳು.